ಗಾಳಿಗೆ ದಾರಿ ಬಿಡ್ರಿ

1/10

ಮೊದಲನೇ ಫೋಟೊದಲ್ಲಿ ಇರೋದು ಉಬ್ಬಿದ ಪೂರಿ ಅಲ್ಲ ರೀ. ಗಾಜು.

ನಾನು ಕಿಲ್ನ್‌ನಲ್ಲಿ ಇಟ್ಟ ಮೊಟ್ಟಮೊದಲ ಗಾಜು. ಹದಿನೈದು ಸೆಂಟಿಮೀಟರ್ ಚೌಕದ ಎರಡು ತುಂಡು, ಒಂದರ ಮೇಲೊಂದು. ಇಡುವಾಗ ರೊಟ್ಟಿಯಂಗ ಸಪಾಟ ಇತ್ತು. ಮರುದಿನ ಮುಚ್ಚಳ ತೆಗೆದರೆ ನಟ್ಟನಡುವೆ ನಿಂಬೆಹಣ್ಣಿನ ಗಾತ್ರದ ಗುಳ್ಳೆ! ಮೇಲಿನ ಗಾಜು ಅಲ್ಲಿ ಎಷ್ಟು ತೆಳ್ಳಗಾಗಿತ್ತು ಅಂದ್ರೆ, ಬೆರಳು ಇಟ್ಟ ಕೂಡಲೇ ಚಟ್ ಅಂತ ಒಡೆಯಿತು. ಬೆರಳಿಗೆ ಪಟ್ಟಿ ಸುತ್ತಿಕೊಂಡು ಎರಡು ದಿನ ಓಡಾಡಿದೆ. ನೀವು ಹಂಗ ಮುಟ್ಟಬ್ಯಾಡ್ರಿ, ಆ ಅಂಚು ಬ್ಲೇಡಿಗಿಂತ ಕೆಟ್ಟದ್ದು.

ಕ್ಲಾಸಿನ ಗ್ರೂಪಿನಲ್ಲಿ ಫೋಟೊ ಹಾಕಿದೆ. "ಸಾಗು ಎಲ್ಲಿ?" ಅಂದ್ರು.

ನಗಲಿ, ನಾನೂ ನಕ್ಕೆ. ಆದರೆ ಕಿಲ್ನ್ ರೂಮಿನಿಂದ ಹಾಸ್ಟೆಲ್‌ಗೆ ನಡೆದು ಬರುವಾಗ ಹೊಟ್ಟೆಯೊಳಗೆ ಕಸಿವಿಸಿ. ಯಾಕಂದ್ರೆ ಇದು ಅಂಗಡಿಯಲ್ಲಿ ಸಿಕ್ಕ ಚೂರು ಗಾಜು. ಹೋದರೆ ಹೋಯ್ತು. ನನ್ನ ಕಪಾಟಿನಲ್ಲಿ, ಕೌದಿಯೊಳಗೆ ಸುತ್ತಿಟ್ಟ ಇನ್ನೂ ಆರು ಗಾಜು ಇದ್ದವು. ಅವು ಹೋದರೆ ಬೇರೆ ಸಿಗೋದಿಲ್ಲ.

ಆಮೇಲೆ ಡಿಎಂನಲ್ಲಿ ಸುಮಾರು ಜನ ಒಂದೇ ಪ್ರಶ್ನೆ ಕೇಳಿದ್ರಿ: ಗುಳ್ಳೆ ಯಾಕೆ ಬರುತ್ತೆ, ಬರದಂಗ ಹೆಂಗ ಮಾಡೋದು? ಜೂನಿಯರ್‌ಗಳು ಈ ಸೆಮಿಸ್ಟರ್ ಗಾಜು ತಗೊಂಡಿದ್ದೀರಿ ಅಂತ ಗೊತ್ತು. ಅದಕ್ಕೆ ಈ ಹತ್ತು ಪೋಸ್ಟ್. ನಾನು ಎಕ್ಸ್‌ಪರ್ಟ್ ಅಲ್ಲ. ನಿಮಗಿಂತ ಒಂದು ಸೆಮಿಸ್ಟರ್ ಮೊದಲು ಕೆಡಿಸಿದವಳು, ಅಷ್ಟೇ.

2/10

ಮೊದಲು ಆ ಆರು ಗಾಜಿನ ಕಥೆ.

ನಮ್ಮೂರು ಉಗಾರ ಬುದ್ರುಕ. ಬೆಳಗಾವಿ ಜಿಲ್ಲೆ, ಕಾಗವಾಡ ತಾಲೂಕು. ಬುದ್ರುಕ ಅಂದ್ರೆ ದೊಡ್ಡದು, ಖುರ್ದ ಅಂದ್ರೆ ಸಣ್ಣದು. ಆದರೆ ಸಕ್ಕರೆ ಕಾರ್ಖಾನೆ, ರೈಲ್ವೆ ಸ್ಟೇಷನ್ ಎರಡೂ ಇರೋದು ಉಗಾರ ಖುರ್ದದಾಗ. ದೊಡ್ಡ ಉಗಾರದವರು ಸಣ್ಣ ಉಗಾರಕ್ಕ ಹೋಗಿ ಗಾಡಿ ಹಿಡೀತೀವಿ. ಬೆಂಗಳೂರಿನ ಗೆಳತಿಯರಿಗೆ ಇದನ್ನು ಹೇಳಿದಾಗೆಲ್ಲ ನಗ್ತಾರೆ.

ಸುತ್ತಮುತ್ತ ಎಲ್ಲಿ ನೋಡಿದರೂ ಕಬ್ಬು. ಪಕ್ಕದಲ್ಲಿ ಕೃಷ್ಣಾ ಹೊಳೆ.

2019ರ ಆಗಸ್ಟ್‌ನಲ್ಲಿ ಹೊಳಿ ಬಂತು. ನಮ್ಮ ಕಡೆ ಪ್ರವಾಹ ಅನ್ನೋದಿಲ್ಲ, "ಹೊಳಿ ಬಂತು" ಅಂತೀವಿ, ಬೀಗರು ಬಂದಂಗ. ಮಳೆ ಮೇಲೆ ಮಹಾರಾಷ್ಟ್ರದಲ್ಲಿ, ನೀರು ಕೆಳಗೆ ನಮ್ಮ ಮನೆಯಲ್ಲಿ. ನಾನಾಗ ಎಂಟನೇತ್ತಾ. ದನ, ಕಾಗದಪತ್ರ, ಕಾಳಿನ ಚೀಲ ತಗೊಂಡು ಎತ್ತರದಲ್ಲಿದ್ದ ಶಾಲೆಗೆ ಹೋದ್ವಿ. ವಾಪಸ್ ಬಂದಾಗ ಹಿಂದಿನ ಮಣ್ಣಿನ ಗೋಡೆ ಕುಸಿದಿತ್ತು. ಪಡಸಾಲಿ ಕಿಡಕಿ ಮಾತ್ರ ಚೌಕಟ್ಟಿನ ಸಮೇತ ಕೆಸರಿನಲ್ಲಿ ಮಲಗಿತ್ತು. ಎಂಟು ಗಾಜಿನ ಕಿಡಕಿ. ಎತ್ತುವಾಗ ಎರಡು ಒಡೆದವು. ಆರು ಉಳಿದವು.

ಹೊಸ ಮನೆ ಕಟ್ಟಿದ್ವಿ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಡಕಿ ಹಾಕಿದ್ವಿ. ಆ ಆರು ಗಾಜಿಗೆ ಅಲ್ಲಿ ಜಾಗ ಇರಲಿಲ್ಲ. ಆಯಿ ಅವನ್ನು ತೊಳೆದು, ಒಂದೊಂದರ ನಡುವೆ ಪೇಪರ್ ಇಟ್ಟು, ಕೌದಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಳು. ಯಾಕೆ ಅಂತ ಯಾರೂ ಕೇಳಲಿಲ್ಲ.

ಹೋದ ವರ್ಷ ಕಾಲೇಜಿನಲ್ಲಿ "ನಿಮ್ಮ ಮನೆಯ ಒಂದು ವಸ್ತುವಿನಿಂದ ಕೆಲಸ ಮಾಡಿ" ಅಂತ ಪ್ರಾಜೆಕ್ಟ್ ಕೊಟ್ಟರು. ನನಗೆ ಮೊದಲು ನೆನಪಾಗಿದ್ದು ಆ ಗಂಟು.

ಕೇಳಿದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಗೊಂಡ್ ಹೋಗವ್ವಾ. ಖರೇ ಅಂದ್ರ ಒಡದ ತರಬ್ಯಾಡ," ಅಂದಳು.

ಕುಡಚಿಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಬೆಂಗಳೂರು ತನಕ ಗಂಟನ್ನು ತೊಡೆ ಮೇಲೇ ಇಟ್ಟುಕೊಂಡು ಬಂದೆ.

3/10

ಫ್ಯೂಸಿಂಗ್ ಅಂದ್ರೆ ಏನು, ಒಂದೇ ಮಾತಲ್ಲಿ: ಗಾಜಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ವಿದ್ಯುತ್ ಕಿಲ್ನ್‌ನಲ್ಲಿ ಸುಮಾರು 800 ಡಿಗ್ರಿಗೆ ಕಾಯಿಸಿ ಒಂದಾಗಿಸೋದು. ಊದೋದಿಲ್ಲ, ಎರಕ ಹೊಯ್ಯೋದಿಲ್ಲ. ಗಾಜು ತಾನೇ ಮೆತ್ತಗಾಗಿ ಕೂಡಿಕೊಳ್ಳುತ್ತೆ. ಆಯಿಗೆ ಇದು "ಭಟ್ಟಿ".

ನನ್ನ ಪೂರಿ ಯಾಕೆ ಉಬ್ಬಿತು ಅಂತ ಕಿಲ್ನ್ ನೋಡಿಕೊಳ್ಳುವ ಅಣ್ಣನನ್ನು ಕೇಳಿದೆ. ಅವರು ಗುಳ್ಳೆ ನೋಡಲೇ ಇಲ್ಲ. "ಇಡೋಕೆ ಮುಂಚೆ ತೆಗೆದ ಫೋಟೊ ಇದ್ಯಾ ತೋರ್ಸಮ್ಮಾ" ಅಂದ್ರು. ತೋರಿಸಿದೆ.

ಎರಡು ಗಾಜಿನ ನಡುವೆ, ಚಂದ ಕಾಣಲಿ ಅಂತ, ನಾಲ್ಕೂ ಅಂಚಿಗೆ ನೀಲಿ ಗಾಜಿನ ಪಟ್ಟಿ ಇಟ್ಟಿದ್ದೆ. ಫ್ರೇಮ್ ಥರ.

"ಇದು ಫ್ರೇಮ್ ಅಲ್ಲ, ಡಬ್ಬಿ. ಗಾಳೀನ ಒಳಗೆ ಕೂರಿಸಿ ಮುಚ್ಚಳ ಹಾಕಿದ್ದೀಯ," ಅಂದ್ರು.

ಕರ್ಚಿಕಾಯಿ ಮಾಡಿದವರಿಗೆ ಗೊತ್ತು. ಸುತ್ತ ಅಂಚು ಒತ್ತಿ ಮುಚ್ಚಿದ ಮೇಲೆ ಒಳಗೆ ಉಳಿದ ಗಾಳಿ ಎಣ್ಣೆಯಲ್ಲಿ ಉಬ್ಬುತ್ತೆ. ಇಲ್ಲೂ ಅದೇ. ಗಾಜು ಮೆತ್ತಗಾದ ಕೂಡಲೇ ಅಂಚು ಮೊದಲು ಅಂಟಿಕೊಂಡಿತು. ನಡುವಿನ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಮೇಲಿನ ಗಾಜನ್ನೇ ಎತ್ತಿತು.

ಪಿಯುಸಿಯಲ್ಲಿ ಓದಿದ ಚಾರ್ಲ್ಸ್‌ನ ನಿಯಮ ನೆನಪಿದೆಯಾ? ಒತ್ತಡ ಅಷ್ಟೇ ಇದ್ದರೆ ಗಾಳಿಯ ಗಾತ್ರ ಕೆಲ್ವಿನ್ ಉಷ್ಣತೆಯ ಜೊತೆಗೆ ಏರುತ್ತೆ. 30 ಡಿಗ್ರಿ ಅಂದ್ರೆ 303 ಕೆಲ್ವಿನ್. 820 ಡಿಗ್ರಿ ಅಂದ್ರೆ 1093. ಭಾಗಿಸಿ ನೋಡ್ರಿ: ಮೂರೂವರೆ ಪಟ್ಟಿಗಿಂತ ಜಾಸ್ತಿ. ಪರೀಕ್ಷೆಯಲ್ಲಿ ಐದು ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ದೆ. ಅದು ನಿಂಬೆಹಣ್ಣಾಗಿ ಎದುರಿಗೆ ಕೂತಾಗಲೇ ಅರ್ಥ ಆಗಿದ್ದು.

4/10

ಅರ್ಥ ಆಯ್ತಲ್ಲ, ಇನ್ನೇನು ಅಂತ ನನಗೆ ಧೈರ್ಯ ಬಂತು. ಇದೇ ನನ್ನ ದೊಡ್ಡ ತಪ್ಪು.

ಪ್ರಾಜೆಕ್ಟ್ ತೋರಿಸೋಕೆ ಹತ್ತು ದಿನ ಇತ್ತು. ಚೂರು ಗಾಜಿನ ಮೇಲೆ ಇನ್ನೆರಡು ಸಲ ಮಾಡಿ ನೋಡಬೇಕಿತ್ತು. ನೋಡಲಿಲ್ಲ. ಕೌದಿ ಬಿಚ್ಚಿ ಆರರಲ್ಲಿ ಎರಡು ಗಾಜು ತೆಗೆದೆ. ಒಂದೊಂದೂ ಹಳೇ ಪಾಟಿಯಷ್ಟು ದೊಡ್ಡದು, ಸುಮಾರು ಮೂರು ಮಿಲಿಮೀಟರ್ ದಪ್ಪ.

ನಡುವೆ ಏನಿಡೋದು ಅನ್ನೋದು ಮೊದಲೇ ಗೊತ್ತಿತ್ತು: ರವದಿ. ಕಬ್ಬಿನ ಒಣ ಎಲೆ. ನಮ್ಮ ಹೊಲದ್ದೇ, ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡು ಬಂದಿದ್ದೆ. ಕಬ್ಬು, ಭತ್ತ, ಹುಲ್ಲು ಎಲ್ಲ ಒಂದೇ ಕುಲ. ಇವುಗಳ ಎಲೆಯಲ್ಲಿ ಸಿಲಿಕಾ ಇರುತ್ತೆ. ಕಬ್ಬಿನ ಗದ್ದೆಯಲ್ಲಿ ಓಡಿದರೆ ಕೈಕಾಲು ಕೊಯ್ದುಕೊಳ್ಳೋದು ಅದಕ್ಕೇ. ಗಾಜಿನ ಮುಖ್ಯ ವಸ್ತುವೂ ಸಿಲಿಕಾನೇ. ಎಲೆ ಸುಟ್ಟು ಹೋದರೂ ಬಿಳಿ ಬೂದಿಯ ಗೆರೆ ಗಾಜಿನೊಳಗೆ ಉಳಿಯುತ್ತೆ. ಹೊಳೆಯಿಂದ ಉಳಿದ ಗಾಜಿನಲ್ಲಿ ಹೊಲದ ಎಲೆ. ಯೋಚನೆ ಮಾಡಿಯೇ ಖುಷಿಯಾಗಿ ಕುಣಿದಿದ್ದೆ.

ಎಲೆ ಜರುಗದಿರಲಿ ಅಂತ ಅಂಟು ಹಚ್ಚಿದೆ, ಧಾರಾಳವಾಗಿ. ಗಾಜನ್ನು ಬಟ್ಟೆಯಲ್ಲಿ ಒರೆಸಿದೆ, ಅಷ್ಟೇ. ಸೀದಾ 820 ಡಿಗ್ರಿಗೆ ಬೇಗ ಏರಿಸಿದೆ.

ಎರಡನೇ ಫೋಟೊ ನೋಡ್ರಿ. ನಿಂಬೆಹಣ್ಣು ಬರಲಿಲ್ಲ. ಅದರ ಬದಲು ಸಾವಿರ ಸಣ್ಣ ಗುಳ್ಳೆ, ಬಟ್ಟೆ ಒಗೆದ ನೀರಿನ ನೊರೆ ಇದ್ದಂಗ. ಎಲೆ ಇದ್ದ ಜಾಗದಲ್ಲಿ ಕಪ್ಪು ಮಸಿ. ಅಂಚಿನಲ್ಲಿ ಕಂದು ಕಲೆ. ಅದು 2019ರ ಕೆಸರು. ಆಯಿ ಎಷ್ಟು ತೊಳೆದಿದ್ದರೂ, ಚೌಕಟ್ಟಿನ ಲಪ್ಪದ ಜೊತೆ ಅಂಚಿಗೆ ಕಚ್ಚಿಕೊಂಡು ಉಳಿದಿತ್ತು.

ಆರರಲ್ಲಿ ಎರಡು ಹೋದವು. ನಾಲ್ಕು ಉಳಿದವು. ಪ್ರಾಜೆಕ್ಟಿಗೆ ಬೇರೆ ಏನೋ ತೋರಿಸಿ ಪಾಸಾದೆ.

ಗಾಜಿನ ವಿಷಯ ಮನೆಗೆ ಹೇಳಲಿಲ್ಲ.

5/10

ಮೂರು ವಾರ ಹೇಳಲಿಲ್ಲ. ಫೋನ್ ಮಾಡಿದಾಗ ಊಟ ಆಯ್ತಾ, ಮಳಿ ಬಂತಾ, ಅಷ್ಟೇ.

ಒಂದು ದಿನ ಆಯಿನೇ ಕೇಳಿದಳು. "ಕಾಚ ಏನಾತವ್ವಾ?"

ಹೇಳಿದೆ. ಎರಡು ಹಾಳು ಮಾಡಿದೆ ಆಯಿ, ಗುಳ್ಳಿ ಬಂದವು, ಮಸಿ ಆತು. ಅಳು ಬರುವಂಗ ಇತ್ತು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಬೆಂಕಿ ಹೆಂಗ ಹಾಕಿದ್ದಿ?"

"ಕರೆಂಟ್ ಭಟ್ಟಿ ಆಯಿ. ನಂಬರ್ ಒತ್ತೋದು."

"ಅದಾ ಕೇಳಾಕತ್ತೇನಿ. ಒಮ್ಮಿಗೇಲೆ ಹಾಕಿದ್ಯೋ, ಸಾವಕಾಶ ಹಾಕಿದ್ಯೋ?"

ಒಮ್ಮೆಲೇ ಅಂದೆ.

ಆಯಿಯ ತವರುಮನೆಯಲ್ಲಿ ಬೆಲ್ಲದ ಗಾಣ ಇತ್ತು. ಕೊಪ್ಪರಿಗಿಯಲ್ಲಿ ಹಾಲು (ನಮ್ಮ ಕಡೆ ಕಬ್ಬಿನ ರಸಕ್ಕೆ ಹಾಲು ಅಂತೀವಿ) ಕಾಯಿಸುವಾಗ ಮೊದಲು ಉರಿ ಹಿಡಿತದಲ್ಲಿ ಇರಬೇಕಂತೆ. ಬೆಂಡಿ ಗಿಡದ ಲೋಳಿ ಹಾಕ್ತಾರೆ, ಹೊಲಸು ನೊರೆಯಾಗಿ ಮೇಲೆ ಬರುತ್ತೆ, ಅದನ್ನು ತೆಗೀತಾರೆ. ನೊರೆ ತೆಗೆಯುವ ಮೊದಲೇ ಜೋರು ಉರಿ ಹಾಕಿದರೆ ಹೊಲಸೆಲ್ಲ ಒಳಗೇ ಕುದ್ದು ಬೆಲ್ಲ ಕರ್ರಗಾಗುತ್ತೆ. "ಬರೂದು ಬಂದು ಹೋಗಬೇಕು. ಆಮ್ಯಾಲ ಉರಿ," ಅಂದಳು.

ಮರುದಿನ ಇದನ್ನು ಕಿಲ್ನ್ ಅಣ್ಣನಿಗೆ ಹೇಳಿದೆ. ಅವರು ನಕ್ಕು, "ನಿಮ್ಮಜ್ಜಿ ಹೇಳಿದ್ದಕ್ಕೆ ನಮ್ಮಲ್ಲೂ ಒಂದು ಹೆಸರಿದೆ" ಅಂದ್ರು. ಬಬಲ್ ಸ್ಕ್ವೀಜ್. ಗುಳ್ಳೆ ಹಿಂಡೋದು.

ಒಂದು ವ್ಯತ್ಯಾಸ ಮಾತ್ರ ನೆನಪಿಡ್ರಿ. ಗಾಜಿನ ಕಾರ್ಖಾನೆಯಲ್ಲಿ ಕುಲುಮೆ 1500 ಡಿಗ್ರಿ ಆಸುಪಾಸು ಇರುತ್ತೆ. ಅಲ್ಲಿ ಗಾಜು ತೆಳ್ಳಗೆ ಹರಿಯುತ್ತೆ, ಸೋಡಿಯಂ ಸಲ್ಫೇಟ್‌ನಂಥದ್ದು ಹಾಕಿ ಗುಳ್ಳೆಯನ್ನು ಮೇಲಕ್ಕೆ ಎಬ್ಬಿಸಿ ಓಡಿಸ್ತಾರೆ. ನಮ್ಮ ಕಿಲ್ನ್‌ನ 800ರಲ್ಲಿ ಗಾಜು ಗಟ್ಟಿ ಜೇನುತುಪ್ಪಕ್ಕಿಂತಲೂ ಗಟ್ಟಿ. ಒಳಗೆ ಸಿಕ್ಕ ಗುಳ್ಳೆ ಮೇಲೆ ಬಂದು ಒಡೆದು ಹೋಗುತ್ತೆ ಅಂತ ಕಾದರೆ ಬರೋದಿಲ್ಲ. ಅಂಚು ಮುಚ್ಚೋಕೆ ಮೊದಲೇ ಗಾಳಿ ಪಕ್ಕದಿಂದ ಹೊರಗೆ ಹೋಗಿರಬೇಕು. ಇಡೀ ಸರಣಿಯಲ್ಲಿ ಒಂದೇ ಮಾತು ಸೇವ್ ಮಾಡಿಕೊಳ್ಳೋದಾದ್ರೆ ಇದನ್ನ ಮಾಡಿಕೊಳ್ರಿ.

6/10

ಗಾಳಿ ಎಲ್ಲೆಲ್ಲಿ ಅಡಗಿರುತ್ತೆ? ಅಂಗಡಿಯ ಚೂರು ಗಾಜಿನ ಮೇಲೆ ಒಂದೂವರೆ ತಿಂಗಳು ಮಾಡಿ ನೋಡಿ ಬರೆದುಕೊಂಡ ಪಟ್ಟಿ.

→ ಎರಡು ಪದರದ ನಡುವೆ. ಅಂಚಿಗೆ ತುಂಡು ಇಟ್ಟು ನಡುವೆ ಖಾಲಿ ಬಿಡಬೇಡಿ. ಏನಾದರೂ ಇಡೋದಾದ್ರೆ, ಗಾಳಿಗೆ ಅಂಚಿನ ತನಕ ಒಂದು ಸಂದು ಇರಲಿ.

→ ಗಾಜಿನ ಕೆಳಗೆ. ಶೆಲ್ಫ್ ನಡುವೆ ತಗ್ಗಾಗಿದ್ದರೆ ಅಲ್ಲಿ ಗಾಳಿ ನಿಲ್ಲುತ್ತೆ, ಕೆಳಗಿನಿಂದ ಮೇಲಕ್ಕೆ ಗಾಜನ್ನು ತಳ್ಳುತ್ತೆ. ಸ್ಕೇಲ್ ನಿಲ್ಲಿಸಿ ಕೆಳಗೆ ಬೆಳಕು ಕಾಣುತ್ತಾ ನೋಡಿ. ತೆಳ್ಳನೆಯ ಫೈಬರ್ ಪೇಪರ್ ಹಾಸಿದರೆ ಗಾಳಿ ಅದರ ಎಳೆಗಳ ನಡುವಿನಿಂದ ಹೊರಗೆ ಹೋಗುತ್ತೆ.

→ ಒಂದೇ ಪದರದ ಗಾಜಿನಲ್ಲಿ. ಪೂರ್ತಿ ಮೆತ್ತಗಾದ ಗಾಜು ಸುಮಾರು ಆರು ಮಿಲಿಮೀಟರ್ ದಪ್ಪಕ್ಕೆ ಬರೋಕೆ ನೋಡುತ್ತೆ. ಮೂರು ಮಿಲಿಮೀಟರಿನ ಒಂಟಿ ಹಾಳೆ ಅಂಚಿನಿಂದ ಒಳಕ್ಕೆ ಎಳೆದುಕೊಂಡು, ಅಂಚು ದಪ್ಪ, ನಡು ತೆಳ್ಳಗಾಗುತ್ತೆ. ಆ ತೆಳು ಜಾಗವೇ ಉಬ್ಬೋದು. ಎರಡು ಪದರ ಇದ್ದರೆ ಸಮಾಧಾನ.

→ ಒದ್ದೆ ಕಿಲ್ನ್ ವಾಶ್. ಶೆಲ್ಫಿಗೆ ಬಳಿಯುವ ಬಿಳಿ ಲೇಪ. ಕೈಗೆ ಒಣಗಿದಂಗ ಅನ್ನಿಸಿದರೂ ಒಳಗೆ ನೀರಿರುತ್ತೆ. ಖಾಲಿ ಶೆಲ್ಫನ್ನು 260 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿ, ಆರಿದ ಮೇಲೆ ಗಾಜು ಇಡಿ.

→ ಅಂಟು. ಒಂದು ಹನಿ ಸಾಕು, ಅದೂ ಅಂಚಿಗೆ. ಇಲ್ಲದಿದ್ದರೆ ಇನ್ನೂ ಒಳ್ಳೇದು. ಸುಟ್ಟ ಅಂಟು ಅಂದ್ರೆ ಹೊಗೆ, ಹೊಗೆ ಅಂದ್ರೆ ಗುಳ್ಳೆ.

→ ಕೊಳೆ. ಬೆರಳಚ್ಚು, ಕಟರ್ ಎಣ್ಣೆ, ಧೂಳು, (ನನ್ನ ಥರದವರಿಗೆ) ಹೊಳೆ ಕೆಸರು. ಸೋಪಿನ ನೀರು, ಅಂಚಿಗೆ ಹಳೇ ಟೂತ್‌ಬ್ರಶ್, ಆಮೇಲೆ ಬರೀ ನೀರು, ಆಮೇಲೆ ಎಳೆ ಬಿಡದ ಬಟ್ಟೆ. ಒಣಗಿದ ಮೇಲೆ ಅಂಚಷ್ಟೇ ಹಿಡೀರಿ.

→ ಅವಸರ. ಇದು ಕಿಲ್ನ್‌ನ ಹೊರಗೆ ಅಡಗಿರುತ್ತೆ.

ಕಿಲ್ನ್ ವಾಶ್ ಪುಡಿ, ಫೈಬರ್ ಪೇಪರ್, ಗಾಜಿನ ಪುಡಿ ಮುಟ್ಟುವಾಗ ಮಾಸ್ಕ್ ಹಾಕೋದು ಕಡ್ಡಾಯ. ಕರವಸ್ತ್ರ ಸಾಲದು, ಎನ್95 ಬೇಕು. ಗಾಜು ಕತ್ತರಿಸುವಾಗ ಕಣ್ಣಿಗೆ ಕನ್ನಡಕ.

7/10

ಈಗ ಉರಿಯ ಲೆಕ್ಕ. ಇದು ಕಿಡಕಿ ಗಾಜಿಗೆ, ಎರಡು ಪದರಕ್ಕೆ, ನಡುವೆ ಒಣ ಎಲೆ ಇದ್ದಾಗ, ನಮ್ಮ ಕಿಲ್ನ್‌ನಲ್ಲಿ ಬಂದ ಲೆಕ್ಕ. ಒಂದೊಂದು ಕಿಲ್ನ್‌ನದು ಒಂದೊಂದು ಸ್ವಭಾವ, ನಿಮ್ಮದರಲ್ಲಿ ಚೂರು ಗಾಜಿನ ಮೇಲೆ ಮೊದಲು ನೋಡಿ. ಅಂಗಡಿಯಲ್ಲಿ ಸಿಗುವ ಬಣ್ಣದ ಫ್ಯೂಸಿಂಗ್ ಗಾಜು ಇದಕ್ಕಿಂತ ಕಡಿಮೆ ಬಿಸಿಗೆ ಮೆತ್ತಗಾಗುತ್ತೆ.

1. ಗಂಟೆಗೆ 120 ಡಿಗ್ರಿಯಂತೆ 540ರ ತನಕ. ಅಲ್ಲಿ ಎರಡು ಗಂಟೆ ನಿಲ್ಲಿಸೋದು, ಗಾಳಿಕಿಂಡಿ ತೆರೆದು. ಎಲೆ ಸುಟ್ಟು ಹೊಗೆ ಹೋಗಬೇಕು. ಅರ್ಧ ಗಂಟೆ ನಿಲ್ಲಿಸಿದಾಗ ಮಸಿ ಉಳಿಯಿತು. ಎರಡು ಗಂಟೆಗೆ ಬಿಳಿ ಬೂದಿ ಆಯ್ತು.

2. ಕಿಂಡಿ ಮುಚ್ಚಿ, ಗಂಟೆಗೆ 50ರಂತೆ 690ರ ತನಕ. ಅಲ್ಲಿ ಒಂದು ಗಂಟೆ. ಇದೇ ಗುಳ್ಳೆ ಹಿಂಡುವ ಹೊತ್ತು. ಮೇಲಿನ ಗಾಜು ಸ್ವಲ್ಪ ಮೆತ್ತಗಾಗಿ ತನ್ನ ಭಾರಕ್ಕೆ ತಾನೇ ಕೆಳಗೆ ಕೂರುತ್ತೆ, ಅಂಚು ಇನ್ನೂ ಪೂರ್ತಿ ಅಂಟಿರೋದಿಲ್ಲ. ಗಾಳಿ ಮೆಲ್ಲಗೆ ಪಕ್ಕಕ್ಕೆ ಸರಿದು ಹೊರಬೀಳುತ್ತೆ.

3. ಗಂಟೆಗೆ 200ರಂತೆ 820. ಹದಿನೈದು ನಿಮಿಷ. ಇನ್ನೂ ಚಂದ ಆಗಲಿ ಅಂತ ಬಿಸಿ ಏರಿಸಬೇಡಿ. ಹೆಚ್ಚು ಬಿಸಿ ಅಂದ್ರೆ ಹೆಚ್ಚು ಮೆತ್ತಗೆ, ಉಳಿದ ಗುಳ್ಳೆ ಇನ್ನೂ ದೊಡ್ಡದಾಗುತ್ತೆ.

4. 550ಕ್ಕೆ ಇಳಿಸಿ ಒಂದು ಗಂಟೆ. ಇದು ಅನೀಲಿಂಗ್. ಗಾಜಿನ ಒಳಗೂ ಹೊರಗೂ ಒಂದೇ ಬಿಸಿ ಆಗೋಕೆ. ತಪ್ಪಿಸಿದರೆ ಇವತ್ತಲ್ಲದಿದ್ದರೆ ನಾಳೆ ಬಿರುಕು ಬಿಡುತ್ತೆ.

5. ಗಂಟೆಗೆ 60ರಂತೆ 370. ಆಮೇಲೆ ಸ್ವಿಚ್ ಆಫ್. ಮುಚ್ಚಳ ತೆಗೆಯೋದು ಕೈಗೆ ಬಿಸಿ ತಾಗದಷ್ಟು ತಣ್ಣಗಾದ ಮೇಲೆ. ಇಣುಕಿ ನೋಡೋದೂ ಬೇಡ. ಬೀಗದ ಕೈ ಗೆಳತಿಗೆ ಕೊಟ್ಟು ಊಟಕ್ಕೆ ಹೋಗ್ರಿ.

ಇನ್ನೊಂದು ಉಪಾಯ: ಅದೇ ಗಾಜಿನ ನುಣುಪಾದ ಪುಡಿಯನ್ನು ಪದರಗಳ ನಡುವೆ ತೆಳ್ಳಗೆ ಉದುರಿಸಿದರೆ ಗಾಳಿ ಕಾಳುಗಳ ಸಂದಿನಿಂದ ಹೊರಗೆ ಹೋಗುತ್ತೆ. "ಅದೇ ಗಾಜು" ಅನ್ನೋದು ಮುಖ್ಯ. ಬೇರೆ ಬೇರೆ ಗಾಜು ಕಾಯುವಾಗ, ಆರುವಾಗ ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿ ಕುಗ್ಗುತ್ತೆ, ಕೂಡಿಸಿದರೆ ಒಡೆಯುತ್ತೆ. ನಾನು ಪುಡಿ ಮಾಡಿದ್ದು ಹಾಳಾದ ಆ ಎರಡು ಗಾಜಿನ ಶುಭ್ರ ಮೂಲೆಗಳನ್ನು. ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿ, ಜರಡಿ ಹಿಡಿದು, ಕಬ್ಬಿಣದ ಚೂರಿಗೆ ಮ್ಯಾಗ್ನೆಟ್ ಆಡಿಸಿ. ಅವೂ ದಂಡ ಆಗಲಿಲ್ಲ ಅಂತ ಸ್ವಲ್ಪ ಸಮಾಧಾನ.

8/10

ಕುಟ್ಟುವ ಮೊದಲು ಒಂದು ವಿಷಯ ಕಣ್ಣಿಗೆ ಬಿತ್ತು.

ನಮ್ಮ ಹಳೇ ಕಿಡಕಿಯ ಗಾಜಿನಲ್ಲಿ ಮೊದಲಿಂದಲೂ ಗುಳ್ಳೆ ಇದ್ದವು. ಸಣ್ಣವು, ಉದ್ದಕ್ಕೆ. ಒಂದು ಗಾಜಿನಲ್ಲಿ ಸರಿಯಾಗಿ ನಡುವೆ ಒಂದು ಗುಳ್ಳೆ, ಥೇಟ್ ಅಕ್ಕಿಕಾಳಿನಷ್ಟು, ಅಕ್ಕಿಕಾಳಿನ ಆಕಾರ. ನಾನು ಚಿಕ್ಕವಳಿದ್ದಾಗ ಅಳೋಕೆ ಶುರು ಮಾಡಿದರೆ ಆಯಿ ಎತ್ತಿಕೊಂಡು ಅಲ್ಲಿಗೇ ಹೋಗುತ್ತಿದ್ದಳು. "ಕಿಡಕಿ ಅಕ್ಕಿ ನುಂಗೇತಿ ನೋಡು." ನಾನು ಉಗುರಿನಿಂದ ಕೆರೆದು ತೆಗೆಯೋಕೆ ನೋಡುತ್ತಿದ್ದೆ. ನನಗಿಂತ ಮೊದಲು ಅಪ್ಪ, ಕಾಕಾ ಎಲ್ಲರೂ ಕೆರೆದವರೇ.

ಅದು ಯಾಕೆ ಉದ್ದ? ಈಗಿನ ಕಿಡಕಿ ಗಾಜು ಫ್ಲೋಟ್ ಗಾಜು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಪಾಟು ಮಾಡ್ತಾರೆ. ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿ ಈ ವಿಧಾನವನ್ನು ಜಗತ್ತಿಗೆ ಹೇಳಿದ್ದು 1959ರಲ್ಲಿ. ಅದಕ್ಕೂ ಮೊದಲು ಕರಗಿದ ಗಾಜನ್ನು ಹಾಳೆಯಂತೆ ಎಳೆದು ಮಾಡುತ್ತಿದ್ದರು. ಎಳೆದಾಗ ಒಳಗಿದ್ದ ಗುಳ್ಳೆಯೂ ಗಾಜಿನ ಜೊತೆ ಉದ್ದಕ್ಕೆ ಎಳೆದುಕೊಳ್ಳುತ್ತೆ. ಹಳೇ ಗಾಜಿನ ಹಿಂದೆ ನಿಂತರೆ ಅಂಗಳ ಸ್ವಲ್ಪ ಅಲುಗಾಡಿದಂಗ ಕಾಣೋದೂ ಅದರ ಗುಣವೇ.

ಮನೆಯಲ್ಲಿ ಇನ್ನೊಂದು ಹಳೇ ಗಾಜಿತ್ತು, ಪ್ರಭಾಕರ ಕಂದೀಲಿನ ಚಿಮಣಿ. ಅದು ಓಗಲೆವಾಡಿಯದು. ಕರಾಡದ ಹತ್ತಿರ, 1916ರಲ್ಲಿ ಶುರುವಾದ ಓಗಲೆ ಗ್ಲಾಸ್ ವರ್ಕ್ಸ್. ಕರಾಡ ದಾಟಿ ಬಂದ ಅದೇ ಕೃಷ್ಣೆ ನಮ್ಮೂರಿಗೂ ಬರೋದು. ಕಂದೀಲು 2019ರ ನೀರಿನಲ್ಲಿ ಹೋಯ್ತು.

ಈಗ ಕಣ್ಣಿಗೆ ಬಿದ್ದದ್ದು ಹೇಳ್ತೀನಿ. ಹಾಳಾದ ತುಂಡಿನ ಮೂಲೆಯಲ್ಲಿ ಮೊದಲು ಇದ್ದ ಉದ್ದ ಗುಳ್ಳೆಗಳು ಗುಂಡಗಾಗಿದ್ದವು. ಕಿಲ್ನ್‌ಗೆ ಇಡುವ ಮುಂಚಿನ ಫೋಟೊ ಪಕ್ಕಕ್ಕಿಟ್ಟು ನೋಡಿದೆ. ಹೌದು, ಅವೇ. ಗಾಜು ಮತ್ತೆ ಮೆತ್ತಗಾದಾಗ ಮೇಲ್ಮೈ ಎಳೆತ ಗುಳ್ಳೆಯನ್ನು ಗುಂಡಗೆ ಮಾಡುತ್ತೆ, ನೀರಿನ ಹನಿ ಗುಂಡಗಾದಂಗ.

ಅಂದ್ರೆ ಆಯಿಯ ಅಕ್ಕಿಕಾಳು ಇರೋ ಗಾಜನ್ನು ಕಿಲ್ನ್‌ಗೆ ಇಟ್ಟರೆ ಅದು ಸಾಸಿವೆ ಕಾಳು ಆಗುತ್ತೆ.

ಕೌದಿ ಬಿಚ್ಚಿ, ಉಳಿದ ನಾಲ್ಕನ್ನೂ ಬೆಳಕಿಗೆ ಹಿಡಿದೆ. ಒಂದು, ಎರಡು, ಮೂರು. ನಾಲ್ಕನೇದರಲ್ಲಿ ಇತ್ತು. ಅವತ್ತು ಎರಡು ಗಾಜು ತೆಗೆಯುವಾಗ ನಾನು ಇದನ್ನು ನೋಡಿಯೇ ಇರಲಿಲ್ಲ. ಕೈಗೆ ಸಿಕ್ಕ ಮೇಲಿನ ಎರಡು ತಗೊಂಡಿದ್ದೆ, ಅಷ್ಟೇ. ಅದು ನಾಲ್ಕನೇದಾಗಿ ಉಳಿದದ್ದು ನನ್ನ ಜಾಣತನ ಅಲ್ಲ.

ಕೈ ಸ್ವಲ್ಪ ನಡುಗಿತು, ಸುಳ್ಳು ಯಾಕೆ ಹೇಳಲಿ.

9/10

ಆಯಿಗೆ ಫೋನ್ ಮಾಡಿ ಇದ್ದದ್ದು ಇದ್ದಂಗ ಹೇಳಿದೆ. ನಾಲ್ಕು ಅದಾವು. ಒಂದರಾಗ ಅಕ್ಕಿಕಾಳು ಐತಿ. ಭಟ್ಟಿಯೊಳಗ ಹಾಕಿದ್ರ ಅದು ಗುಂಡಗಾಗತೈತಿ. ಏನ್ ಮಾಡ್ಲಿ?

"ಅದನ್ನ ಬಿಡು. ಉಳದದ್ದು ನಿನಗ ತಿಳದಂಗ ಮಾಡು," ಅಂದಳು.

ಉಳಿದ ಮೂರರಲ್ಲಿ ಎರಡು ತೆಗೆದೆ. ಒಂದು ಕಾಪು ಇಟ್ಟೆ.

ಅಂಚನ್ನು ಮೂರು ಸಲ ಬ್ರಶ್ ಹಾಕಿ ತೊಳೆದೆ, ಕೊನೆಗೆ ನೀರು ತಿಳಿಯಾಗುವ ತನಕ. ರವದಿಯ ನಡುನಾರು ತೆಗೆದೆ, ಯಾಕಂದ್ರೆ ಅದು ದಪ್ಪ, ಎರಡು ಗಾಜನ್ನು ದೂರ ಹಿಡಿದು ಗಾಳಿಗೆ ಮನೆ ಕಟ್ಟಿಕೊಡುತ್ತೆ. ಎಲೆಯ ತುದಿ ಗಾಜಿನ ಅಂಚಿನ ತನಕ ಬರುವಂತೆ ಇಟ್ಟೆ, ಗಾಳಿಗೆ ಅದೇ ಕಾಲುದಾರಿ. ಪುಡಿ ಉದುರಿಸಿದೆ. ಅಂಟು ಹಚ್ಚಲಿಲ್ಲ. ಉಸಿರು ಬಿಗಿಹಿಡಿದು ಎರಡನೇ ಗಾಜು ಇಟ್ಟೆ. ಕಿಲ್ನ್ ಅಣ್ಣ ಬಂದು ನೋಡಿ, ಏನೂ ಹೇಳದೆ, ಒಂದು ಮೂಲೆಯನ್ನು ಕೂದಲೆಳೆಯಷ್ಟು ಸರಿಸಿ ಹೋದರು.

ಬೆಳಿಗ್ಗೆ ಏಳಕ್ಕೆ ಹಚ್ಚಿದ್ದು. ಲೆಕ್ಕ ಹಾಕಿದರೆ ಸ್ವಿಚ್ ಆಫ್ ಆಗೋಕೇ ರಾತ್ರಿ ಹನ್ನೊಂದು ದಾಟುತ್ತೆ. ಎಲೆಗೆ ಗಾಳಿಕಿಂಡಿ ತೆರೆದಿದ್ದಾಗ ಮೂಗಿಗೆ ಒಂದು ವಾಸನೆ ಬಂತು. ಬೆಂಗಳೂರಿನ ನಡುಮಧ್ಯ, ಒಂದು ಬೇಸ್‌ಮೆಂಟಿನಲ್ಲಿ, ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿ ಸುಡುವ ವಾಸನೆ. ಐದೇ ನಿಮಿಷ. ಆಮೇಲೆ ಹೋಯ್ತು.

ಮರುದಿನ ಸಂಜೆ ತನಕ ಮುಚ್ಚಳ ಮುಟ್ಟಲಿಲ್ಲ. ಬೀಗದ ಕೈ ನಿಜವಾಗಿಯೂ ಗೆಳತಿಯ ಹತ್ತಿರ ಇತ್ತು.

ತೆಗೆದಾಗ, ಒಂಬತ್ತನೇ ಫೋಟೊ. ಸಪಾಟ. ಪುಡಿಯಿಂದಾಗಿ ಸ್ವಲ್ಪ ಮಂಜು, ಚಳಿಗಾಲದ ಬೆಳಿಗ್ಗೆ ಹೊಳೆ ಮೇಲೆ ಇರೋ ಅಷ್ಟು. ನಡುವೆ ಎಲೆಯ ಬಿಳಿ ಗೆರೆಗಳು, ಒಂದರ ಪಕ್ಕ ಒಂದು, ನೋಟ್‌ಬುಕ್ಕಿನ ಗೆರೆಯಂಗ. ಮತ್ತೆ ಹೌದು, ಗುಳ್ಳೆ. ಎಲೆಯ ಬುಡದ ಹತ್ತಿರ ಮೂರು, ಒಂದು ಜೋಳದ ಕಾಳಿನಷ್ಟು, ಎರಡು ಅದಕ್ಕಿಂತ ಸಣ್ಣವು.

ತೆಗೆಯಬಹುದಿತ್ತು. ಗುಳ್ಳೆಯನ್ನು ನೀರು ಹಾಕಿಕೊಂಡು ವಜ್ರದ ಬಿಟ್‌ನಿಂದ ಕೊರೆದು, ಗಾಜಿನ ಪುಡಿ ತುಂಬಿ ಮತ್ತೊಮ್ಮೆ ಕಾಯಿಸಿದರೆ ಮುಚ್ಚುತ್ತೆ. ಆದರೆ ಕೊರೆಯುವಾಗ ಬಿರುಕು ಬಿಡುವ ಭಯವೂ ಇದೆ. ಚೂರು ಗಾಜಿನಲ್ಲಾಗಿದ್ದರೆ ಮಾಡುತ್ತಿದ್ದೆ. ಇದರಲ್ಲಿ ಮಾಡಲಿಲ್ಲ. "ಗುಳ್ಳೆ ಇಲ್ಲದ ಗಾಜು ಬೇಕು" ಅಂತ ಶುರು ಮಾಡಿದವಳು ನಾನು. ಈಗ ನನಗೆ ಬೇಕಿದ್ದದ್ದು ಒಡೆಯದ ಗಾಜು.

10/10

ದೀಪಾವಳಿಗೆ ಊರಿಗೆ ಹೋದೆ. ಮತ್ತೆ ಗಂಟು ತೊಡೆ ಮೇಲೆ.

ಆಯಿ ಗಂಟು ಬಿಚ್ಚಿ, ಹೊಸದನ್ನು ಪಕ್ಕಕ್ಕಿಟ್ಟು, ಮೊದಲು ಹುಡುಕಿದ್ದು ಅಕ್ಕಿಕಾಳು. ಬೆರಳಿಂದ ಸವರಿ ನೋಡಿ, "ಐತಿ" ಅಂದಳು. ಆಮೇಲೆ ನನ್ನ ಕೆಲಸ ಕೈಗೆ ತಗೊಂಡಳು. ಹೊರಗೆ ಹೋಗಿ ಬಿಸಿಲಿಗೆ ಹಿಡಿದಳು. ರವದಿಯ ಗೆರೆ ಆಕೆಯ ಸೀರೆ ಮೇಲೆ ನೆರಳಾಗಿ ಬಿತ್ತು.

"ಇದು ನಮ್ಮ ಹೊಲದ್ದಾ?"

ಹೌದು ಅಂದೆ.

"ಈ ಗುಳ್ಳಿ?"

"ಉಳದ್ವು ಆಯಿ. ಎಲ್ಲಾ ಹೋಗಲಿಲ್ಲ."

ಹತ್ತಿರ ತಂದು ನೋಡಿದಳು. "ಇರಲಿ. ಇದು ಜ್ವಾಳ ನುಂಗೇತಿ," ಅಂದಳು.

ಊರಿನ ಬಡಿಗೇರ ಮಾಮಾ ಒಂದು ಸಾಗವಾನಿ ಚೌಕಟ್ಟು ಮಾಡಿಕೊಟ್ಟರು. ಎರಡು ಮನೆ ಇರೋ ಚೌಕಟ್ಟು. ಮೇಲೆ ಅಕ್ಕಿಕಾಳಿನ ಗಾಜು, ಬೆಂಕಿ ಕಾಣದ್ದು. ಕೆಳಗೆ ನನ್ನದು. ಹೊಸ ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಕೂರಿಸಿದ್ದೀವಿ, ಈ ಸಲ ನೆಲದಿಂದ ಆರು ಅಡಿ ಎತ್ತರಕ್ಕೆ. ಹೊಳಿ ಮತ್ತೆ ಬರುತ್ತೆ ಅಂತ ನಮಗೆಲ್ಲ ಗೊತ್ತು, 2021ರಲ್ಲೂ ಬಂದಿತ್ತು. ಕಾಪಿಟ್ಟ ಒಂದು ಗಾಜು ಮತ್ತೆ ಕೌದಿಯೊಳಗೆ, ಅಟ್ಟದ ಮೇಲೆ. ಯಾಕೆ ಅಂತ ಈಗ ನಾನೂ ಕೇಳೋದಿಲ್ಲ.

ಅಕ್ಕನ ಮಗಳಿಗೆ ಎರಡು ವರ್ಷ. ಆರು ಅಡಿ ಅವಳಿಗೆ ಎಟುಕೋದಿಲ್ಲ, ಎತ್ತಿಕೊಳ್ಳಬೇಕು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೋಡಿದೆ. ಮೇಲಿನ ಗಾಜು ಬಿಟ್ಟು ಕೆಳಗಿನ ಗಾಜಿನ ಗುಳ್ಳೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಜೂನಿಯರ್ಸ್, ನಿಮ್ಮ ಮೊದಲ ಗಾಜು ಉಬ್ಬುತ್ತೆ. ಉಬ್ಬಲಿ. ಅದಕ್ಕೆ ಅಂಗಡಿಯ ಚೂರು ಗಾಜು ಬಳಸ್ರಿ, ಮನೆಯದು ಬೇಡ. ಇಡುವ ಮುಂಚೆ ಫೋಟೊ ತೆಗೀರಿ, ತಪ್ಪು ಸಿಗೋದು ಅದರಲ್ಲೇ. ಪ್ರಶ್ನೆ ಇದ್ದರೆ ಕಮೆಂಟ್‌ನಲ್ಲಿ ಕೇಳ್ರಿ, ಗೊತ್ತಿದ್ದದ್ದು ಹೇಳ್ತೀನಿ, ಗೊತ್ತಿಲ್ಲದ್ದು ಕಿಲ್ನ್ ಅಣ್ಣನನ್ನ ಕೇಳಿ ಹೇಳ್ತೀನಿ.

ಮತ್ತೆ ನಿಮ್ಮ ಅಜ್ಜ-ಆಯಿ ಮನೆಯ ಹಳೇ ಕಿಡಕಿ ಇನ್ನೂ ಇದ್ದರೆ, ಇವತ್ತು ಸಂಜೆ ಬಿಸಿಲಿಗೆ ಅದರ ಗಾಜು ನೋಡ್ರಿ. ಏನು ನುಂಗಿದೆ ಅಂತ ಫೋಟೊ ತೆಗೆದು ಕಳಿಸ್ರಿ. ಸ್ಟೋರಿಯಲ್ಲಿ ಹಾಕ್ತೀನಿ.

#ಉಗಾರಬುದ್ರುಕ #ಗಾಜಿನಕೆಲಸ #ಗುಳ್ಳೆ #ರವದಿ #ಕೃಷ್ಣಾಹೊಳಿ #ಕಲಿಯುತ್ತಿದ್ದೇನೆ